ಬದಲಿಸಲಾಗದ ಮಿಡಿತ

ಹುಬ್ಬಳ್ಳಿಯ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ಕೋಣೆಯಲ್ಲಿ ರೇಶ್ಮಾ ನದಾಫ್ ಗಾಜಿನ ಬಿಲ್ಲೆಯ ಮೇಲೆ ಮಣಿಕಟ್ಟನ್ನಿಟ್ಟಳು. ಹಸಿರು ದೀಪ ಹತ್ತಿತು. ಅವಳ ಹೆಸರು, ವಯಸ್ಸು, ಇದುವರೆಗಿನ ಕಾಯಿಲೆಗಳು, ತೆಗೆದುಕೊಂಡ ಔಷಧಗಳು ಎಲ್ಲವೂ ನರ್ಸ್ ಸುವರ್ಣಾಳ ಎದುರಿನ ಪರದೆಗೆ ಬಂದವು.

ಅದು ಮಿಡಿತಮುದ್ರೆ. ಇಬ್ಬರ ಹೆಬ್ಬೆಟ್ಟಿನ ಗೆರೆಗಳು ಒಂದೇ ಆಗಿರುವುದಿಲ್ಲ; ಹಾಗೆಯೇ ಇಬ್ಬರ ಹೃದಯ ಹೊಮ್ಮಿಸುವ ವಿದ್ಯುತ್ ಅಲೆಗಳೂ ಒಂದೇ ಆಗಿರುವುದಿಲ್ಲ. ಆ ಅಲೆಯನ್ನೇ ಗುರುತಿನ ಚೀಟಿಯಾಗಿಸಿದವರು ಧಾರವಾಡದ ವಿಜ್ಞಾನಿ ಪ್ರಣತಿ ಹಂಪಣ್ಣವರ. 2060ರ ಹೊತ್ತಿಗೆ ಪಾಸ್‌ವರ್ಡ್ ಎಂಬ ಮಾತನ್ನೇ ಜನ ಮರೆಯತೊಡಗಿದ್ದರು.

ರೇಶ್ಮಾ ಮಕ್ಕಳಿಗೆ ಈಜು ಕಲಿಸುವವಳು. ಶ್ವಾಸಕೋಶಕ್ಕೆ ಸೋಂಕು ತಗುಲಿ ಜ್ವರದಲ್ಲಿ ನಡುಗುತ್ತಿದ್ದಳು. ಸುವರ್ಣಾ ಇಂಜೆಕ್ಷನ್ ಸಿದ್ಧ ಮಾಡುವುದನ್ನು ಕಂಡು ಕೇಳಿದಳು: "ಇದು ಪೆನಿಸಿಲಿನ್ ಅಲ್ಲ ಹೌದಲ್ರಿ? ನನಗ ಅದು ಆಗೂದಿಲ್ಲ. ಸಣ್ಣಾಕಿದ್ದಾಗ ಒಮ್ಮೆ ಸಾಯೂಹಂಗ ಆಗಿತ್ತು."

ಸುವರ್ಣಾ ಪರದೆ ನೋಡಿದಳು. "ಹೋದ ವರ್ಷ ಸೊಲ್ಲಾಪುರದಾಗ ಇದನ್ನ ತೊಗೊಂಡೀರಲ್ರೀ. ಏನೂ ಆಗಿಲ್ಲಂತ ಬರದಾರ. ಹಳೇ ಎಚ್ಚರಿಕೀನೂ ತಗದಾರ."

"ನಾ ಸೊಲ್ಲಾಪುರಕ್ಕ ಹೋಗೇ ಇಲ್ರಿ!"

"ಜ್ವರದಾಗ ನೆನಪು ಹಾರ್ತದ, ಅಕ್ಕಾರ. ಮಷೀನ್ ಸುಳ್ಳು ಹೇಳೂದಿಲ್ಲ."

ಔಷಧ ಒಳಹೋಗುತ್ತಲೇ ರೇಶ್ಮಾಳ ಗಂಟಲು ಊದಿ ಉಸಿರು ಕಟ್ಟಿತು. ವೈದ್ಯರು ಜೀವ ಉಳಿಸಿದರು. ಆದರೆ ಅಷ್ಟರಲ್ಲಿ ಆಮ್ಲಜನಕ ಸಿಗದೆ ಮಿದುಳಿಗೆ ಪೆಟ್ಟು ಬಿದ್ದಿತ್ತು. ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು.

ತನಿಖೆಯಿಂದ ತಿಳಿದದ್ದು ಇಷ್ಟು. ಉಚಿತ ಹೃದಯ ತಪಾಸಣೆಯೆಂದು ಯಾರೋ ಸಂತೆಯಲ್ಲಿ ಹಾಕಿದ್ದ ಶಿಬಿರದಲ್ಲಿ ರೇಶ್ಮಾ ಕೈಪಟ್ಟಿ ಕಟ್ಟಿಸಿಕೊಂಡಿದ್ದಳು, ಒಪ್ಪಿಗೆಯ ಗುಂಡಿಯನ್ನು ಓದದೆ ಒತ್ತಿದ್ದಳು. ಅಲ್ಲಿ ದಾಖಲಾದ ಅವಳ ಮಿಡಿತವನ್ನು ದಲ್ಲಾಳಿಗಳು ಅದನ್ನೇ ಹೊಮ್ಮಿಸುವ ಒಂದು ಬಳೆಯೊಳಗೆ ತುಂಬಿ, ದಾಖಲೆಯಿಲ್ಲದ್ದರಿಂದ ಎಲ್ಲೂ ಚಿಕಿತ್ಸೆ ಸಿಗದ ಒಬ್ಬ ರೋಗಿಗೆ ಮಾರಿದ್ದರು. ಆ ಹೆಂಗಸು ರೇಶ್ಮಾಳಾಗಿ ಸೊಲ್ಲಾಪುರದ ಆಸ್ಪತ್ರೆ ಸೇರಿ ಗುಣವಾಗಿ ಹೋಗಿದ್ದಳು. ಅವಳಿಗೆ ಪೆನಿಸಿಲಿನ್ ಒಗ್ಗಿದ ವಿವರ ಮಾತ್ರ ರೇಶ್ಮಾಳ ದಾಖಲೆಯಲ್ಲಿ ಉಳಿದಿತ್ತು.

ಸುದ್ದಿ ತಿಳಿದ ಪ್ರಣತಿ ಹುಬ್ಬಳ್ಳಿಗೆ ಬಂದರು. ರೇಶ್ಮಾಳ ಹಾಸಿಗೆಯ ಪಕ್ಕ ಕುಳಿತರು.

"ಇದನ್ನ ಯಾರೂ ಕದೀಲಿಕ್ಕೆ ಆಗೂದಿಲ್ಲ ಅಂತ ನಾನ ಊರೆಲ್ಲಾ ಹೇಳಿಕೋತ ಅಡ್ಡಾಡಿದೆನವ್ವಾ," ಎಂದರು.

ರೇಶ್ಮಾಳ ಮಾತು ತೊದಲುತ್ತಿತ್ತು. "ಕೀಲಿ ಕಳದ್ರ ಬ್ಯಾರೇ ಕೀಲಿ ಹಾಕ್ತೀವಿ. ಎದಿ ಬಡಿತ ಹೆಂಗ ಬದಲ್ ಮಾಡ್ಲಿ, ಮೇಡಂ?"

"ಮಾಡ್ಲಿಕ್ಕೆ ಬರೂದಿಲ್ಲ."

"ಅದೂ ಹೋಗ್ಲಿ. ನಾ ಬಾಯಿ ಬಿಟ್ಟು ಹೇಳಿದ್ದೆನಲ್ರಿ. ಅದನ್ಯಾಕ ನಂಬಲಿಲ್ಲ?"

ಪ್ರಣತಿ ಆ ಪ್ರಶ್ನೆಯನ್ನು ಬರೆದುಕೊಂಡರು.

ಮುಂದೆ ಅವರು ಯಂತ್ರವನ್ನು ತಿದ್ದಿದರು. ಮಿಡಿತದ ಜೊತೆಗೆ, ಬೇಕೆಂದಾಗ ಬದಲಿಸಬಹುದಾದ ಒಂದು ಗುಟ್ಟಿನ ಮಾತನ್ನೂ ಅದು ಕೇಳತೊಡಗಿತು. ಯಾರದೇ ಗುರುತು ಎಲ್ಲೇ ಬಳಕೆಯಾದರೂ ಆ ಕ್ಷಣವೇ ಆ ವ್ಯಕ್ತಿಗೆ ಸುದ್ದಿ ಹೋಗುವಂತಾಯಿತು. ಪರದೆಗಿಂತ ಮೊದಲು ರೋಗಿಯನ್ನು ಕೇಳಬೇಕೆಂಬ ನಿಯಮವೂ ಬಂತು. ಆದರೆ ಆಗಲೇ ಮಾರಾಟವಾಗಿದ್ದ ಮಿಡಿತಗಳನ್ನು ಮರಳಿ ತರುವ ದಾರಿ ಅವರಿಗೂ ಹೊಳೆಯಲಿಲ್ಲ. ರೇಶ್ಮಾ ಮತ್ತೆ ನೀರಿಗಿಳಿಯಲಿಲ್ಲ.

ಒಂದು ದಿನ ಸೀರೆ ಅಂಗಡಿಯಲ್ಲಿ ಕೌಂಟರಿನ ಹುಡುಗಿ ಗಾಜಿನ ಬಿಲ್ಲೆಯನ್ನು ಪ್ರಣತಿಯವರ ಮುಂದೆ ಸರಿಸಿದಳು. "ಕೈ ಇಡ್ರಿ ಮೇಡಂ, ರಿಯಾಯಿತಿ ಸಿಗ್ತದ."

"ಸೀರಿ ತೊಗೊಳ್ಳಿಕ್ಕೆ ನನ್ನ ಎದಿ ಬಡಿತ ಯಾಕ ಬೇಕವಾ?"

ಹುಡುಗಿ ತಬ್ಬಿಬ್ಬಾದಳು. "ಗೊತ್ತಿಲ್ರಿ. ಇದನ್ನ ಯಾರೂ ಕೇಳೇ ಇಲ್ಲ."

ಪ್ರಣತಿ ಕೈ ಹಿಂದೆಳೆದುಕೊಂಡರು. ತಾವು ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ ಅಮ್ಮ ಅಂಗಡಿ ಅಂಗಡಿಯಲ್ಲೂ ಫೋನ್ ನಂಬರು ಹೇಳುತ್ತಿದ್ದುದು, ಲಾಡ್ಜಿನಲ್ಲಿ ಗುರುತಿನ ಚೀಟಿಯ ಜೆರಾಕ್ಸ್ ಕೊಟ್ಟು ಬರುತ್ತಿದ್ದುದು, ಫೋನಿನಲ್ಲಿ ಯಾರೋ ಕೇಳಿದರೆಂದು ಓಟಿಪಿ ಓದಿ ಹೇಳಿದ್ದು ನೆನಪಾಯಿತು. ಪಕ್ಕದಲ್ಲೇ ನಿಂತಿದ್ದ ತಾವೂ ಯಾಕೆಂದು ಕೇಳಿರಲಿಲ್ಲ. ಆಗ ಕಳೆದುಕೊಳ್ಳುತ್ತಿದ್ದದ್ದು ಬಹುಪಾಲು ಬದಲಿಸಬಹುದಾದ ಅಂಕಿಗಳನ್ನು. ಯಾಕೆಂದು ಕೇಳುವುದನ್ನು ಕಲಿಯಲು ಅದೇ ಸರಿಯಾದ ಕಾಲವಾಗಿತ್ತು.