ಕೊಂಬು ಊದಿದ ಮೇಲೆ

ಆಗಸ್ಟ್ ಹನ್ನೆರಡು. ಗ್ರೌಸ್ ಹಕ್ಕಿಯ ಬೇಟೆಗೆ ಮೊದಲ ದಿನ. ಹಕ್ಕಿಗಳನ್ನು ಬಂದೂಕಿನವರತ್ತ ಅಟ್ಟುವ ಮೊದಲ ಸೋವಿಗೇ ರಕ್ತ ಬಿತ್ತು. ಹಕ್ಕಿಯದಲ್ಲ, ಇಷ್ಬೆಲ್‌ಳದು. ಬಾವುಟ ಬೀಸಿ ಹಕ್ಕಿ ಎಬ್ಬಿಸುತ್ತ ಬರುತ್ತಿದ್ದವಳ ಎಡಗಣ್ಣಿಗೆ ಬಂದೂಕಿನ ಚರೆ ಹೊಕ್ಕಿತ್ತು.

ಪೊಲೀಸ್ ಸಾರ್ಜೆಂಟ್ ಎಫಿ ರ‍್ಯಾಂಕಿನ್, ಅಂದರೆ ನಾನು, ಗುಡ್ಡ ಹತ್ತುವಷ್ಟರಲ್ಲಿ ಅವಳನ್ನು ಆಸ್ಪತ್ರೆಗೆ ಸಾಗಿಸಿದ್ದರು. ತಪ್ಪಿತಸ್ಥನೂ ಸಿದ್ಧನಾಗಿದ್ದ. ಅವಳಪ್ಪ, ಬೇಟೆಯ ಮೇಸ್ತ್ರಿ ಡೂಗಲ್.

"ಕೊಂಬು ಊದೋದು ಮರೆತೆ, ತಾಯಿ."

ಸೋವಿನವರು ಹತ್ತಿರ ಬಂದಾಗ ಕೊಂಬು ಊದಬೇಕು. ಆಮೇಲೆ ಮುಂದಕ್ಕೆ ಗುಂಡಿಲ್ಲ. ಬಂದೂಕಿನವರು ತಿರುಗಿ ನಿಂತು ಹಿಂದಕ್ಕೆ ಮಾತ್ರ ಹೊಡೆಯಬೇಕು. ಕೊಂಬು ಮರೆತ ಮೇಸ್ತ್ರಿಗೆ ಕೆಲಸವೂ ಇಲ್ಲ, ಒಡೆಯರು ಕೊಟ್ಟ ಮನೆಯೂ ಇಲ್ಲ.

"ಹೊಡೆದವರು ಯಾರು?"

ಆರು ಅತಿಥಿಗಳೂ ತಮ್ಮ ಬೂಟು ನೋಡಿಕೊಂಡರು. ಗುಡ್ಡದ ಒಡೆಯ ಸರ್ ರಾನಲ್ಡ್ ನನ್ನ ತುಟಿಯನ್ನೇ ನೋಡುತ್ತ, "ಯಾರಾದ್ರೇನಮ್ಮ? ಕೊಂಬೇ ಊದಿಲ್ವಲ್ಲ!" ಎಂದರು.

ನನ್ನ ಅನುಮಾನ ಲಂಡನ್ನಿನ ಪೆನ್‌ಹೇಲ್ ಮೇಲೆ. ಹೊಸ ಬಂದೂಕು, ಹಳೇ ಜಂಬ.

"ನಾನಲ್ಲ ಮೇಡಂ, ದೇವರಾಣೆ!"

* * *

ಬಂದೂಕಿನವರು ನಿಂತಿದ್ದ ಕಲ್ಲಿನ ಮರೆಗಳನ್ನು ಒಂದೊಂದಾಗಿ ನೋಡಿದೆ. ಹಸಿ ಮಣ್ಣು. ಪೆನ್‌ಹೇಲ್‌ನ ಹೆಜ್ಜೆ ಹಿಂದಕ್ಕೆ ತಿರುಗಿತ್ತು. ಉಳಿದ ಐವರದೂ ಅಷ್ಟೇ. ಒಂದೇ ಮರೆಯಲ್ಲಿ ಹೆಜ್ಜೆಗಳೆಲ್ಲ ಮುಂದಕ್ಕೇ ಇದ್ದವು. ಅದು ಸರ್ ರಾನಲ್ಡ್ ಅವರದು.

* * *

ಊಟದ ಗುಡಿಸಲಿನಲ್ಲಿ ಡೂಗಲ್‌ನ ಕೊಂಬು ಇಸಿದುಕೊಂಡೆ. ಸರ್ ರಾನಲ್ಡ್ ಬೆನ್ನ ಹಿಂದೆ ನಿಂತು ಜೋರಾಗಿ ಊದಿದೆ. ಅತಿಥಿಗಳು ಬೆಚ್ಚಿದರು, ಯಾರದೋ ಸೂಪು ಚೆಲ್ಲಿತು. ಸರ್ ರಾನಲ್ಡ್ ಮಾತ್ರ ತಣ್ಣಗೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರು. ಎದುರಿನವರ ಮುಖ ನೋಡಿ ತಿರುಗಿದರು. ಕೊಂಬು ಕಂಡಿತು. ಮುಖ ಕತ್ತಿನವರೆಗೂ ಕೆಂಪಾಯಿತು.

"ಕೊಂಬು ಕೇಳಿದ್ದಕ್ಕೇ ನೀವು ಆರೂ ಜನ ತಿರುಗಿದ್ರಿ. ಇವರಿಗೆ ಕೇಳಿಸ್ಲಿಲ್ಲ, ಮುಂದಕ್ಕೇ ಹೊಡೆದ್ರು. ನಿಮಗೆಲ್ಲ ಗೊತ್ತಿತ್ತು. ಥೂ, ಬಾಯಲ್ಲೇನು ಕಡುಬಿತ್ತಾ?"

"ಅವರ ಮನೇಲಿ ಉಣ್ಣೋಕೆ ಬಂದವರು ನಾವು, ಮೇಡಂ..." ಪೆನ್‌ಹೇಲ್ ತಲೆ ಎತ್ತಲಿಲ್ಲ.

"ಹೊಡೆದಿದ್ದು ನಾನೇ. ಕಿವಿ ಹೋಗಿ ಎರಡು ವರ್ಷವಾಯ್ತು. ಹೇಳ್ಕೊಳ್ಳೋಕೆ ನಾಚಿಕೆ." ಸರ್ ರಾನಲ್ಡ್ ಬೆಣ್ಣೆಯ ಚಾಕು ಕೆಳಗಿಟ್ಟರು. "ಡೂಗಲ್, ನಿಜವಾಗ್ಲೂ ಊದಿದ್ಯೇನೋ?"

"ಊದಿದ್ದೆ, ದೊರೆ. ಮೊದಲ ದಿನವೇ ಅತಿಥಿಗಳ ಮುಂದೆ ನಿಮ್ಮ ಮಾನ ಹೋಗ್ಬಾರದು ಅಂತ..."

ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಇಷ್ಬೆಲ್‌ಳ ದನಿ ಗುಡಿಸಲಿಗೆಲ್ಲ ಕೇಳಿಸಿತು.

"ಅಪ್ಪಾ, ಊದೇ ಇಲ್ಲ ಅಂದ್ಯಂತೆ? ನಂಗೆ ಕೇಳಿಸ್ತಲ್ಲಪ್ಪಾ! ಅದನ್ನ ನಂಬ್ಕೊಂಡೇ ಅಲ್ವಾ ನಾನು ತಲೆ ಎತ್ತಿ ನಡೆದಿದ್ದು?"

ಡೂಗಲ್ ಗೋಡೆಗೆ ಮುಖ ಮಾಡಿ ನಿಂತ.