ಅಗಲವಾದ ಗಂಟಲು

ಧಾರವಾಡದ ಇಬ್ಬರು ಗಾಯಕರಲ್ಲಿ ಯಾರ ಗಂಟಲು ಹೆಚ್ಚು ಅಗಲ ಎಂಬ ಗಹನವಾದ ಪ್ರಶ್ನೆ 2061ರ ಬೇಸಿಗೆಯಲ್ಲಿ ಮನುಕುಲದ ಮುಂದೆ ಬಂತು. ಮುಂದಿಟ್ಟದ್ದು ಒಂದು ದಿಂಬು. ಡಾಕ್ಟರ್ ತಸ್ಲೀಮ್ ನದಾಫ ಕಂಡುಹಿಡಿದ ಆ ‘ನಿದ್ದೆಗನ್ನಡಿ’ಯ ಮೇಲೆ ತಲೆಯಿಟ್ಟರೆ, ಒಳಗಿನ ಸಣ್ಣ ಕಾಂತಗಳು ಉಸಿರಿನ ದಾರಿಯನ್ನು ಎದುರಿನ ಗೋಡೆಯ ಮೇಲೆ ನೀಲಿ ಪಟ್ಟೆಯಾಗಿ ತೋರಿಸುತ್ತಿದ್ದವು. ನಿದ್ದೆಯಲ್ಲಿ ನಾಲಿಗೆಯ ಬುಡವೋ ಮೆದು ಅಂಗುಳವೋ ಸಡಿಲಾಗಿ ಹಿಂದಕ್ಕೆ ಜಾರಿದರೆ ಪಟ್ಟೆ ಅಲ್ಲಿ ತುಂಡಾಗುತ್ತಿತ್ತು. ಅಷ್ಟು ಹೊತ್ತು ಉಸಿರಿಲ್ಲ ಎಂದರ್ಥ.

ಗಾಯಕ ಚನ್ನವೀರಯ್ಯ ಗಡ್ಡಿಮಠರನ್ನು ಹೆಂಡತಿ ಗಿರಿಜಕ್ಕ ಊಟವಾದ ಕೂಡಲೇ ತಸ್ಲೀಮರ ದವಾಖಾನೆಗೆ ಎಳೆದುಕೊಂಡು ಬಂದಿದ್ದರು.

“ಗೊರಕಿ ನಡುವ ಉಸಿರು ನಿಂತ ಬಿಡತೈತ್ರಿ. ನಾ ಗುದ್ದಿ ಎಬ್ಬಸಬೇಕು.”

“ಗುದ್ದೂದು ಆಕಿಗೆ ಹಳೇ ಚಟ,” ಎಂದು ಗಡ್ಡಿಮಠರು ದಿಂಬಿಗೆ ಒರಗಿದರು.

ಗೋಡೆಯ ಮೇಲೆ ಪಟ್ಟೆ ಹರಿಯಿತು. ಎಲ್ಲೂ ತುಂಡಾಗಲಿಲ್ಲ. ಅಷ್ಟು ವಿಶಾಲವಾದ ಗಂಟಲನ್ನು ತಸ್ಲೀಮ್ ಹಿಂದೆ ಕಂಡಿರಲಿಲ್ಲ. ನಂಬಲೂ ಇಲ್ಲ.

“ನೀವು ಮಲಗೇ ಇಲ್ಲ, ಗುರುಗಳ.”

“ಕಣ್ಣು ಮುಚ್ಚಿದ್ನಲ್ಲ?”

“ನಿದ್ದ್ಯಾಗ ಯಾರೂ ನಾಲಗಿ ಹಿಂಗ ಹಿಡದಿಡೂದಿಲ್ಲ. ನೀವು ಕೆಳಸ್ವರದ ಸಾಧನಿ ಮಾಡಾಕತ್ತಿದ್ರಿ.”

ಅದು ನಿಜ. ನಲವತ್ತು ವರ್ಷ ಮಂದ್ರದ ಷಡ್ಜ ಹಿಡಿದು ಪಳಗಿದ ಸ್ನಾಯುಗಳು, ಎಚ್ಚರದಲ್ಲಿ ಗಂಟಲನ್ನು ಬಾವಿಯಂತೆ ತೆರೆದಿಡಬಲ್ಲವು. ಮಲಗಿದಾಗ ಅವೂ ಮಲಗುತ್ತವೆ.

“ಕಟಗೇರಿದು ಎಷ್ಟು ಅಗಲ ಬಂದಿತ್ತು?” ಗಡ್ಡಿಮಠರು ಆ ಇನ್ನೊಬ್ಬ ಗಾಯಕನ ಬಗ್ಗೆ ಕೇಳಿದರು.

“ಒಬ್ಬರದು ಇನ್ನೊಬ್ಬರಿಗೆ ಹೇಳೂ ಹಂಗಿಲ್ರಿ.”

“ಹೇಳೂದ್ಯಾಕ? ಸೊಂಡಿಲಾ ಹಾಕ್ಕೊಂಡು ಮಲಗತಾನ. ಊರಿಗೇ ಗೊತ್ತೈತಿ.”

ಸೊಂಡಿಲೆಂದರೆ ಗಾಳಿಯೊತ್ತಿ ಗಂಟಲು ಮುಚ್ಚದಂತೆ ನೋಡಿಕೊಳ್ಳುವ ಮುಖವಾಡ. ಅದನ್ನು ಹಾಕಿದಂದಿನಿಂದ ಅನಂತ ಕಟಗೇರಿ ಕಣ್ತುಂಬ ನಿದ್ದೆ ಮಾಡುತ್ತಿದ್ದರು. ಹಾಡುವಾಗ ವೇಗದ ದ್ರುತದಲ್ಲೂ ಒಂದು ತಾನವೂ ಜಾರುತ್ತಿರಲಿಲ್ಲ. ಗಡ್ಡಿಮಠರ ಗುರುವಿನದೇ ಶಿಷ್ಯ, ಆದರೂ ಕಛೇರಿಗೆ ಮೊದಲು ಕರೆಸಿಕೊಳ್ಳುವವನು, ಹಿರಿಯನ ಸ್ಥಾನದಲ್ಲಿ ಕೊನೆಗೆ ಹಾಡುವವನು. ಅವನನ್ನು ಗೆಲ್ಲುವ ಒಂದೇ ಒಂದು ವಸ್ತು ಈಗ ಗಡ್ಡಿಮಠರ ಎದುರು ಗೋಡೆಯ ಮೇಲೆ ನೀಲಿಯಾಗಿ ಹರಿಯುತ್ತಿತ್ತು.

“ಇನ್ನೊಮ್ಮೆ ಮಲಗ್ರಿ. ನಿದ್ದಿ ಬರೂ ಔಷಧಿ ಕೊಡತೀನಿ,” ಎಂದರು ತಸ್ಲೀಮ್. “ಹಿಂಗ ಬಿಟ್ರ ಜೀವಕ್ಕ ಕುತ್ತು ಬರತೈತಿ.”

“ಇದನ್ನ ಅಚ್ಚು ತಗದು ಕೊಡ್ರಿ, ಸಾಕು.”

“ಅದು ಸುಳ್ಳು ಚಿತ್ರ.”

“ಗಂಟಲು ನಂದ ಹೌದಲ್ಲೋ?”

ಗಿರಿಜಕ್ಕ ತಲೆಯ ಮೇಲೆ ಸೆರಗೆಳೆದುಕೊಂಡು, “ಕಟಗೇರ್ಯಾರು ಸೊಂಡಿಲಾ ಹಾಕ್ಕೊಂಡ್ರಂತ ಇವರು ಹಾಕ್ಕೊಳ್ಳಂಗಿಲ್ರಿ. ಅವರು ಉಣ್ಣೂದು ಬಿಟ್ಟಿದ್ರ ಇವರು ಎರಡು ರೊಟ್ಟಿ ಹೆಚ್ಚಿಗಿ ತಿಂತಿದ್ರು,” ಎಂದರು.

ಹಟಕ್ಕೆ ಸೋತು ತಸ್ಲೀಮ್ ಕೊಟ್ಟ ಚಿತ್ರ ಕಟ್ಟು ಹಾಕಿಸಿಕೊಂಡು ಗಡ್ಡಿಮಠರ ಪಡಸಾಲೆ ಸೇರಿತು. ಬಂದವರೆಲ್ಲ ಹೊಗಳಿದರು. ಮತ್ತೆ ಪರೀಕ್ಷೆಗೆ ಬನ್ನಿರೆಂದು ತಸ್ಲೀಮ್ ಮೂರು ಸಲ ಫೋನ್ ಮಾಡಿದರು. ನಿದ್ದೆಯನ್ನು ಖಚಿತಪಡಿಸಿಕೊಳ್ಳದೆ ಚಿತ್ರ ಕೊಡದಂತೆ ದಿಂಬನ್ನು ತಿದ್ದಿದರು. ಅಷ್ಟರಿಂದ ಮನುಷ್ಯ ತಿದ್ದಿಕೊಳ್ಳಲಿಲ್ಲ. ಸಕ್ಕರೆ ಪರೀಕ್ಷೆಯ ಹಿಂದಿನ ದಿನ ಮಾತ್ರ ಪಥ್ಯ ಮಾಡಿ, ಬಂದ ಅಂಕಿಯನ್ನು ನೆರೆಯವರಿಗೆ ತೋರಿಸಿ ಬೀಗುವ ನಮಗೆ ಇದು ವಿಚಿತ್ರವೆನಿಸಬಾರದು.

ಶ್ರಾವಣದಲ್ಲಿ ಗಿರಿಜಕ್ಕ ತಂಗಿಯ ಮಗಳ ಬಾಣಂತನಕ್ಕೆಂದು ಗದಗಿಗೆ ಹೋದರು. ಎರಡನೆಯ ರಾತ್ರಿ ಮಲಗಿದ ಗಡ್ಡಿಮಠರು ಏಳಲಿಲ್ಲ.