ಸಣ್ಣೀರನ ತೋಳಿನ ಕೋಡುಬಳೆ

ಬಹಳ ಬಹಳ ಹಿಂದೆ, ಬೆಟ್ಟಗಳು ಇನ್ನೂ ತಮಗೊಪ್ಪುವ ಜಾಗ ಹುಡುಕಿಕೊಂಡು ಕೂರುತ್ತಿದ್ದ ಕಾಲದಲ್ಲಿ, ಸಿಂಹಗಿರಿ ಎಂಬುದೊಂದು ರಾಜ್ಯವಿತ್ತು. ಸಿಂಹಗಿರಿಯಲ್ಲಿ ಸಿಂಹ ಮಾತ್ರ ಒಂದೂ ಇರಲಿಲ್ಲ. ಇದ್ದದ್ದು ರಾಜ ಪ್ರಚಂಡಬಾಹುವಿನ ತೋಳಿನ ಮೇಲಿನ ಹಚ್ಚೆಯ ಸಿಂಹವೊಂದೇ. ರಾಜನ ತೋಳು ತೀರಾ ಸಣ್ಣದು. ಹಾಗಾಗಿ ಸಿಂಹಕ್ಕೆ ಹೊಟ್ಟೆ ಇಡಲು ಜಾಗ ಸಾಲದೆ, ದೂರದಿಂದ ಅದು ಮೇಕೆಯಂತೆ ಕಾಣುತ್ತಿತ್ತು. ಆದರೂ ರಾಜನ ತೋಳಲ್ಲವೇ? ನೋಡಿದವರೆಲ್ಲ "ಆಹಾ, ಎಂಥ ಸಿಂಹ!" ಎನ್ನುತ್ತಿದ್ದರು.

ಅದೇ ಊರಿನ ಕೋಟೆ ಬಾಗಿಲಲ್ಲಿ ಸಾಕವ್ವ ಎಂಬಾಕೆ ಕೋಡುಬಳೆ ಕರಿದು ಮಾರುತ್ತಿದ್ದಳು. ಅವಳ ತಮ್ಮ ಸಣ್ಣೀರ. ಅಪ್ಪ ಅಮ್ಮ ತೀರಿಕೊಂಡಾಗ ಅವನು ಅಂಬೆಗಾಲಿಡುವ ಕೂಸು. ಎತ್ತಿ ಆಡಿಸಿ, ಬೈದು, ಸಾಕಿದವಳು ಅಕ್ಕನೇ. ಈಗ ಅವನಿಗೆ ಮೀಸೆ ಬಂದಿತ್ತು, ಬುದ್ಧಿಯೂ ತಕ್ಕಮಟ್ಟಿಗೆ ಬಂದಿತ್ತು. ಒಂದೇ ಒಂದು ತೊಂದರೆ: ಏನನ್ನಾದರೂ ಆರಿಸು ಎಂದರೆ ಸಾಕು, ಕೈಕಾಲೇ ಆಡುತ್ತಿರಲಿಲ್ಲ. ಬದನೆಕಾಯಿ ತಾರೋ ಎಂದು ಕಳಿಸಿದರೆ ಸಂತೆ ಮುಗಿದ ಮೇಲೆ ಬರಿಗೈಯಲ್ಲಿ ಬರುತ್ತಿದ್ದ.

"ಯಾಕೋ?" ಎಂದರೆ, "ಎಲ್ಲಾ ಚೆನ್ನಾಗಿದ್ವು ಅಕ್ಕ, ಯಾವುದನ್ನ ಬಿಡೋದು ಅಂತ ಗೊತ್ತಾಗ್ಲಿಲ್ಲ" ಎನ್ನುತ್ತಿದ್ದ.

ಹೀಗಿರುವಾಗ ಒಂದು ದಿನ ಮಂತ್ರವಾದಿ ಧೂಮಕೇಶ ಕೋಟೆ ಬಾಗಿಲಿಗೆ ಬಂದ. ಅವನ ಗಡ್ಡ ಮೊಣಕಾಲಿನವರೆಗೆ, ಸಿಟ್ಟು ಮೂಗಿನ ತುದಿಯಲ್ಲಿ. ಸಾಕವ್ವನ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತವನು ಒಂದು ಕೋಡುಬಳೆ ತಿಂದ, ಇನ್ನೊಂದು ತಿಂದ, ತಿನ್ನುತ್ತಲೇ ಹೋದ. ಬುಟ್ಟಿಯ ತಳ ಕಂಡ ಮೇಲೆ ಗಡ್ಡ ಒರೆಸಿಕೊಂಡು, "ಥೂ, ಖಾರ ಜಾಸ್ತಿ!" ಎಂದ.

"ಬುಟ್ಟಿ ಖಾಲಿ ಮಾಡೋವರೆಗೂ ಗೊತ್ತಾಗ್ಲಿಲ್ವಾ ನಿಮ್ಮ ನಾಲಿಗೆಗೆ?" ಎಂದಳು ಸಾಕವ್ವ.

ಸುತ್ತ ನಿಂತವರು ಕಿಸಕ್ಕನೆ ನಕ್ಕರು. ಧೂಮಕೇಶ ಎಲ್ಲವನ್ನೂ ಸಹಿಸುತ್ತಿದ್ದ, ನಗೆಯನ್ನಲ್ಲ. ಗಡ್ಡದಿಂದ ಒಂದು ಕೂದಲು ಕಿತ್ತು ಊದಿದ. ಸಾಕವ್ವ ಎಮ್ಮೆಯಾದಳು. ಅವನು ಎಮ್ಮೆಯ ಕೊರಳಿಗೆ ಹಗ್ಗ ಹಾಕಿ, ಮೂರು ಗುಡ್ಡದಾಚೆಯ ತನ್ನ ಕೊಟ್ಟಿಗೆಗೆ ಹೊಡೆದುಕೊಂಡು ಹೋದ.

ಸಣ್ಣೀರ ಆ ಹೊತ್ತಿಗೆ ಸಂತೆಯಲ್ಲಿ ಎರಡು ಕುಂಬಳಕಾಯಿಗಳ ನಡುವೆ ನಿಂತು ಯೋಚಿಸುತ್ತಿದ್ದ. ಸುದ್ದಿ ಕೇಳಿದ್ದೇ ಎರಡನ್ನೂ ಬಿಟ್ಟು, ಎದೆ ಬಡಿದುಕೊಳ್ಳುತ್ತ ಅರಮನೆಗೆ ಓಡಿದ.

"ಬುದ್ಧೀ, ನಮ್ಮಕ್ಕನ್ನ ಬಿಡಿಸಿಕೊಡಿ!"

ರಾಜ ನಿಟ್ಟುಸಿರು ಬಿಟ್ಟ. "ಏನಯ್ಯ ಮಾಡೋದು? ಅವನ ಗಡ್ಡಕ್ಕೆ ಸೀಗೆಕಾಯಿ ಹಾಕಬೇಕು ಅಂದಿದ್ದಕ್ಕೆ ನಮ್ಮ ಅತ್ತೆಯವರನ್ನೂ ಎಮ್ಮೆ ಮಾಡಿದಾನೆ. ಆ ಕೊಟ್ಟಿಗೆ ತುಂಬಾ ಎಮ್ಮೆಗಳು, ಎಲ್ಲಾ ಒಂದೇ ಥರ. ಅದೇ ಕೊಂಬು, ಅದೇ ಬಾಲ. ನಮ್ಮವರು ಇಂಥವರೇ ಅಂತ ಮುಟ್ಟಿ ತೋರಿಸಿದರೆ ಎಲ್ಲರ ಮಾಟವೂ ಬಿಡುತ್ತೆ. ತಪ್ಪು ಎಮ್ಮೆ ಮುಟ್ಟಿದರೆ ಮುಟ್ಟಿದವನು ಕೋಣ. ಆರು ಜನ ಸರದಾರರು ಹೋದರು. ಈಗ ಆರು ಕೋಣಗಳಿವೆ."

"ನೀವು ಹೋಗ್ಲಿಲ್ವಾ ಬುದ್ಧಿ?"

"ಅತ್ತೆಯವರ ವಿಷಯದಲ್ಲಿ ಅವಸರ ಮಾಡಬಾರದು ಅಂತ ಸುಮ್ಮನಿದ್ದೀನಿ," ಎಂದ ರಾಜ. ಆಮೇಲೆ ದನಿ ತಗ್ಗಿಸಿದ. "ಆದರೆ ನೀನು ತಡಮಾಡಬೇಡ. ಅಮಾವಾಸ್ಯೆ ಕಳೆದರೆ ಆ ಎಮ್ಮೆಗಳಿಗೆ ತಾವು ಮನುಷ್ಯರಾಗಿದ್ದ ನೆನಪೇ ಹೋಗುತ್ತಂತೆ. ಹಚ್ಚೆಯ ಬೋರಜ್ಜಿ ಹತ್ತಿರ ಹೋಗು. ಅವಳು ಚುಚ್ಚಿದ ಹಚ್ಚೆಗೆ ಒಂದು ಸಲ ಜೀವ ಬರುತ್ತೆ, ಯಾತಕ್ಕೆ ಚುಚ್ಚಿಸಿಕೊಂಡೆವೋ ಆ ಕೆಲಸ ಮಾಡುತ್ತೆ. ಸಿಂಹ ಹಾಕಿಸ್ಕೋ. ನನ್ನದು ನೋಡು!"

"ಆಹಾ, ಎಂಥ ಸಿಂಹ," ಎಂದು ಕಣ್ಣೊರೆಸಿಕೊಂಡ ಸಣ್ಣೀರ.

ಬೋರಜ್ಜಿ ಊರಾಚೆ ಹುಣಸೆಮರದ ಕೆಳಗೆ ಕೂರುತ್ತಿದ್ದಳು. ಮುಂದೊಂದು ಮಸಿಯ ಕರಟ, ಕೈಯಲ್ಲಿ ಸೂಜಿಗಳ ಕಟ್ಟು, ಬಾಯಲ್ಲಿ ಎಲೆಯಡಿಕೆ. ಅವಳದ್ದೊಂದು ಪದ್ಧತಿ: ಚುಚ್ಚಿ ಮುಗಿಸಿದ ಮೇಲೆ "ಯಾಕೆ?" ಎಂದು ಕೇಳುವಳು. ಹೇಳಿದ್ದು ನಿಜವಾದರೆ ಹಚ್ಚೆ ನಿಲ್ಲುತ್ತಿತ್ತು. ಸುಳ್ಳಾದರೆ ಮಸಿಯೆಲ್ಲ ಇಳಿದು ಹೋಗಿ ತೋಳು ಬರಿದಾಗುತ್ತಿತ್ತು. ನೋವು ಮಾತ್ರ ಎರಡಕ್ಕೂ ಒಂದೇ.

"ಏನ್ ಬರೀಲಿ ಮಗ?" ಎಂದಳು ಅಜ್ಜಿ.

ಸಣ್ಣೀರನಿಗೆ ತಲೆ ತಿರುಗಿತು. ಹಂಸ, ನವಿಲು, ತೊಟ್ಟಿಲು, ತಾವರೆ, ಚೇಳು, ಎಲ್ಲವೂ ಚೆನ್ನಾಗಿದ್ದವು! ಬೆಳಗ್ಗೆ ಕೂತವನು ಮಧ್ಯಾಹ್ನವಾದರೂ ಬಾಯಿ ಬಿಡಲಿಲ್ಲ. ಅಜ್ಜಿ ಒಂದು ನಿದ್ದೆ ತೆಗೆದು ಎದ್ದಳು. ಕೊನೆಗೆ ರಾಜನ ಮಾತು ನೆನಪಾಗಿ, "ಸಿಂಹ" ಎಂದ.

ಅಜ್ಜಿ ಸಿಂಹ ಚುಚ್ಚಿದಳು. ಸಣ್ಣೀರ ಅಯ್ಯೋ ಅಪ್ಪಾ ಎಂದು ಕೂಗಿದ ಸದ್ದಿಗೆ ಮರದ ಕಾಗೆಗಳೆಲ್ಲ ಹಾರಿಹೋದವು. ಚುಚ್ಚಿ ಮುಗಿಸಿ ಕೇಳಿದಳು, "ಯಾಕೆ?"

"ಯಾಕಂದ್ರೆ ನಂದು ಸಿಂಹದಂಥ ಧೈರ್ಯ!" ಎಂದು ಎದೆ ಸೆಟೆಸಿದ.

ಅಷ್ಟರಲ್ಲಿ ಅಜ್ಜಿಯ ಹುಂಜ ರೆಕ್ಕೆ ಬಡಿದುಕೊಂಡು ಅವನ ಕಡೆ ಬಂತು. ಸಣ್ಣೀರ ಹಾರಿ ಒರಳುಕಲ್ಲಿನ ಮೇಲೆ ನಿಂತ. ಅಲ್ಲಿಂದ ನೋಡುತ್ತಾನೆ, ಸಿಂಹ ಮೊಣಕೈಯಿಂದ ತೊಟ್ಟಿಕ್ಕುತ್ತಿದೆ. ಮೊದಲು ಬಾಲ ಹೋಯಿತು, ಕೊನೆಗೆ ಮೀಸೆ ಹೋಯಿತು.

"ನಾಳೆ ಬಾ ಮಗ," ಎಂದಳು ಅಜ್ಜಿ.

ಮಾರನೆಯ ದಿನ ಸಣ್ಣೀರ ಜಾಣನಾದ. ಕೋಟೆ ಬಾಗಿಲಲ್ಲಿ ಕೂತು ಬಂದವರ ತೋಳನ್ನೆಲ್ಲ ನೋಡಿದ. ಹೆಚ್ಚಿನವರ ತೋಳಲ್ಲಿ ನವಿಲಿತ್ತು. ಇಷ್ಟು ಜನ ಹಾಕಿಸಿಕೊಂಡಿದ್ದಾರೆಂದರೆ ನವಿಲಿನಲ್ಲಿ ಏನೋ ಮಹಿಮೆ ಇರಲೇಬೇಕು ಎಂದುಕೊಂಡು ಹೋಗಿ ನವಿಲು ಹಾಕಿಸಿಕೊಂಡ. ಒಂದೊಂದು ಗರಿಗೂ ಒಂದೊಂದು ಸಲ ಅತ್ತ. ನವಿಲಿಗೆ ಗರಿ ಎಷ್ಟೆಂದು ನಿಮಗೇ ಗೊತ್ತು.

"ಯಾಕೆ?" ಎಂದಳು ಅಜ್ಜಿ.

"ಯಾಕಂದ್ರೆ ನವಿಲು ಅಂದ್ರೆ ನಂಗೆ ಪ್ರಾಣ."

"ಯಾವತ್ತಾದ್ರೂ ನವಿಲು ನೋಡಿದ್ದೀಯಾ?"

"ಇಲ್ಲ ಅಜ್ಜಿ. ಆದ್ರೆ ಎಲ್ಲಾರೂ..."

ಅವನ ಮಾತು ಮುಗಿಯುವ ಮೊದಲೇ ನವಿಲು ಗರಿ ಗರಿಯಾಗಿ ಜಾರಿ ನೆಲಕ್ಕೆ ಬಿತ್ತು.

ಮೂರನೆಯ ದಿನ ಬಂತು. ಅಂದು ಸಂಜೆಗೇ ಅಮಾವಾಸ್ಯೆ ಕಳೆಯುವುದಿತ್ತು. ಈ ಸಲ ಸಣ್ಣೀರ ಯೋಚಿಸಲೇ ಇಲ್ಲ. ಅಕ್ಕನನ್ನು ಹುಡುಕಲು ಅಕ್ಕನ ಮುಖಕ್ಕಿಂತ ಬೇರೇನು ಬೇಕು? ಹೋದವನೇ ತೋಳು ಚಾಚಿ, "ನಮ್ಮಕ್ಕನ ಮುಖ ಬರಿ ಅಜ್ಜಿ" ಎಂದ. ಅಜ್ಜಿ ಬರೆದಳು. ಸಾಕವ್ವನೇ ಎದ್ದು ಬಂದಂತಿತ್ತು. ಹುಬ್ಬಿನ ಗಂಟೂ ಬಿಟ್ಟಿರಲಿಲ್ಲ.

"ಯಾಕೆ?"

"ಯಾಕಂದ್ರೆ ನಮ್ಮಕ್ಕ ದೇವತೆ ಅಜ್ಜಿ. ಶಾಂತಮೂರ್ತಿ. ಹೂವಿನಂಥ ಮಾತು. ಒಂದು ದಿನಕ್ಕೂ ನನ್ನ ಗದರಿದವಳಲ್ಲ..."

ತೋಳಿನ ಮೇಲಿನ ಸಾಕವ್ವ ಬಾಯಿ ಸೊಟ್ಟಗೆ ಮಾಡಿ ನಕ್ಕಳು. ನಗುತ್ತ ನಗುತ್ತಲೇ ಕರಗಿ ಇಳಿದುಹೋದಳು.

ಸಣ್ಣೀರನಿಗೆ ಅಳು, ಹಸಿವು, ಸಿಟ್ಟು ಮೂರೂ ಒಟ್ಟಿಗೆ ಬಂದವು. ತೋಳು ಹಲಸಿನ ಹಣ್ಣಿನಂತೆ ಊದಿತ್ತು. ಅವನು ನೆಲಕ್ಕೆ ಕಾಲು ಅಪ್ಪಳಿಸಿ ಕಿರುಚಿದ:

"ಹೌದು ಅಜ್ಜಿ, ಸುಳ್ಳು ಹೇಳ್ದೆ! ದೇವತೆ ಅಂತೆ ದೇವತೆ! ಅವಳು ಬಾಯಿ ತೆಗೆದ್ರೆ ಮೂರು ಬೀದಿಗೆ ಕೇಳುತ್ತೆ. ನನಗೆ ಅಂತ ದಿನಾ ಒಂದು ಕೋಡುಬಳೆ ಎತ್ತಿಟ್ಟಿರ್ತಾಳೆ, ನಾನು ಬಾಯಿಗಿಡಬೇಕು, ಅಷ್ಟರಲ್ಲಿ ಕಿತ್ಕೊಂಡು ಅರ್ಧ ಕಚ್ಚಿ ತಿಂತಾಳೆ! ಚಿಕ್ಕೋನಿದ್ದಾಗ ಒಂದ್ಸಲ ಖಾರ ಹತ್ತಿ ಉಸಿರು ಸಿಕ್ಕಾಕ್ಕೊಂಡಿತ್ತಂತೆ ನಂಗೆ. ಅವತ್ತಿಂದ 'ತಾಳು, ಖಾರ ನೋಡ್ತೀನಿ' ಅಂತ ಅರ್ಧ ಅವಳೇ ತಿನ್ನೋದು. ಈಗ ನಂಗೆ ಮೀಸೆ ಬಂದಿದೆ ಅಜ್ಜಿ! ಆದ್ರೂ ಬಿಡಲ್ಲ. ಹುಟ್ಟಿದಾಗಿನಿಂದ ಒಂದು ಇಡೀ ಕೋಡುಬಳೆ ತಿಂದಿಲ್ಲ ನಾನು! ಮೂರು ದಿನದಿಂದ ನನ್ನ ಪಾಲು ಕಚ್ಚೋರು ಯಾರೂ ಇಲ್ಲ. ಮನೇಲಿ ಒಂದು ಕೋಡುಬಳೆ ಇತ್ತು, ಇಡೀದು, ಅದನ್ನ ತಿನ್ನೋಕೆ ಹೋದ್ರೆ ಗಂಟಲಲ್ಲಿ ಇಳೀಲೇ ಇಲ್ಲ..."

ಹೇಳುತ್ತ ಹೇಳುತ್ತ ಅವನು ದೊಡ್ಡವರಂತೆ ಅಲ್ಲ, ಮಕ್ಕಳಂತೆ ಅತ್ತುಬಿಟ್ಟ. ಬೋರಜ್ಜಿ ಸೂಜಿ ತೆಗೆದುಕೊಂಡು ಅವನ ತೋಳಿನ ಮೇಲೆ ದುಂಡಗೆ ಒಂದು ಕೋಡುಬಳೆ ಬರೆದಳು. ಮೇಲೆ ಅರಿಶಿನ ಸವರಿದಳು. ಈ ಸಲ "ಯಾಕೆ?" ಎಂದು ಕೇಳಲೂ ಇಲ್ಲ. ಮಸಿ ಕಲ್ಲಿನ ಮೇಲಿನ ಗೆರೆಯಂತೆ ನಿಂತಿತು.

"ಅಜ್ಜಿ, ಇದನ್ನ ನೋಡಿದ್ರೆ ಎಲ್ಲಾ ನಗ್ತಾರಲ್ಲ," ಎಂದ ಸಣ್ಣೀರ.

"ನಗಲಿ ಬಿಡು. ತೋಳು ಯಾರ್ದು?" ಎಂದಳು ಅಜ್ಜಿ.

ಸಣ್ಣೀರ ಹೊರಟ. ಮೊದಲನೆಯ ಗುಡ್ಡ ಹತ್ತಿ ಇಳಿದ. ಎರಡನೆಯ ಗುಡ್ಡ ಹತ್ತಿ ಇಳಿದ. ಮೂರನೆಯದನ್ನು ಹತ್ತಲು ಬೇಜಾರಾಗಿ ಸುತ್ತು ಹಾಕಿಕೊಂಡು ಹೋದ. ಧೂಮಕೇಶನ ಕೊಟ್ಟಿಗೆ ಕಂಡಿತು. ಕಣ್ಣು ಹಾಯಿಸಿದಷ್ಟೂ ಎಮ್ಮೆ. ಎಲ್ಲವೂ ಒಂದೇ ಅಚ್ಚು. ಬದನೆಕಾಯಿ ಆರಿಸಲಾಗದವನು ಇದರಲ್ಲಿ ಅಕ್ಕನನ್ನು ಆರಿಸಬೇಕಿತ್ತು!

ಮಂತ್ರವಾದಿ ಹಟ್ಟಿಯ ಬಾಗಿಲಲ್ಲಿ ಗಡ್ಡ ಬಾಚಿಕೊಳ್ಳುತ್ತಿದ್ದ. "ಬಾರಯ್ಯ ಏಳನೆಯ ಕೋಣ," ಎಂದ. "ಕರಾರು ಗೊತ್ತಲ್ಲ? ತಪ್ಪು ಮುಟ್ಟಿದರೆ ನೀನು ಕೋಣ."

"ಸರಿಯಾಗಿ ಮುಟ್ಟಿದ್ರೆ?"

"ನಾನು ಕೋಣ. ಹ್ಹಹ್ಹ! ಎಲ್ಲಿ, ಹಚ್ಚೆ ತೋರಿಸು. ಹುಲಿಯೋ, ಗರುಡನೋ?"

ಸಣ್ಣೀರ ತೋಳು ತೋರಿಸಿದ. ಧೂಮಕೇಶ ಬಗ್ಗಿ ನೋಡಿದ, ತಿರುಗಿ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ಹುಲ್ಲಿನ ಮೆದೆಯ ಮೇಲೆ ಉರುಳಾಡಿ ನಕ್ಕ.

"ಕೋಡುಬಳೆ! ಅಲ್ಲಯ್ಯಾ, ಯಾವ ಎಮ್ಮೆ ತಾನೇ ಕೋಡುಬಳೆ ಕೊಟ್ಟರೆ ತಿನ್ನಲ್ಲ?"

ಹೌದಲ್ಲ! ಇದನ್ನು ಸಣ್ಣೀರ ಯೋಚಿಸಿರಲೇ ಇಲ್ಲ. ಅಷ್ಟರಲ್ಲಿ ತೋಳಿನ ಮೇಲೆ ಬಿಸಿಯಾಯಿತು. ಹಚ್ಚೆಗೆ ಜೀವ ಬಂತು. ಗರಿಗರಿಯಾದ, ಕೆಂಪನೆಯ, ಆಗತಾನೆ ಎಣ್ಣೆಯಿಂದ ಎತ್ತಿದ ಕೋಡುಬಳೆ ಅವನ ಅಂಗೈಗೆ ಬಂದು ಕೂತಿತು. ಇಂಗಿನ ಘಮ ಕೊಟ್ಟಿಗೆ ತುಂಬಿತು.

ಎಮ್ಮೆಗಳೆಲ್ಲ ಒಟ್ಟಿಗೆ ತಲೆ ಎತ್ತಿದವು. ಒಟ್ಟಿಗೆ ನುಗ್ಗಿದವು. ಒಂದು ಎಮ್ಮೆಯಂತೂ ರಾಜಠೀವಿಯಿಂದ ಉಳಿದವನ್ನೆಲ್ಲ ಪಕ್ಕಕ್ಕೆ ತಳ್ಳಿ ಬಾಯಿ ತೆರೆದೇ ಬಿಟ್ಟಿತು. ಸಣ್ಣೀರ ಕೋಡುಬಳೆಯನ್ನು ತಲೆಯ ಮೇಲೆತ್ತಿ ಹಿಡಿದು, ಏನು ಮಾಡಬೇಕೆಂದು ತೋಚದೆ, ದಿನವೂ ಮಾಡುತ್ತಿದ್ದುದನ್ನೇ ಮಾಡಿದ. ಅದನ್ನು ತನ್ನ ಬಾಯಿಯ ಹತ್ತಿರ ತಂದ.

ಹಿಂದಿನಿಂದ ಒಂದು ಎಮ್ಮೆ ಗುಡುಗುಡು ಬಂತು. ರಾಜಠೀವಿಯ ಎಮ್ಮೆಯನ್ನು ಕೊಂಬಿನಿಂದ ಹಾಯ್ದು ಕೆಡವಿತು. ಸಣ್ಣೀರನ ಕೈಗೆ ಬಾಯಿ ಹಾಕಿ ಕಟುಂ ಎಂದು ಕಚ್ಚಿತು. ಅರ್ಧವನ್ನೇ ಕಚ್ಚಿತು. ಕಣ್ಣು ಮುಚ್ಚಿ ನಿಧಾನವಾಗಿ ಅಗಿಯಿತು. ಆಮೇಲೆ ಉಳಿದರ್ಧವನ್ನು ಒದ್ದೆ ಮೂತಿಯಿಂದ ಅವನ ಬಾಯಿಯ ಕಡೆಗೆ ತಳ್ಳಿತು.

ಧೂಮಕೇಶನ ನಗು ನಿಂತಿತು. ಇಡೀ ಲೋಕದಲ್ಲಿ ಹಸಿದ ಎಮ್ಮೆ ಅರ್ಧ ತಿಂದು ಅರ್ಧ ಬಿಟ್ಟದ್ದನ್ನು ಅವನು ಕಂಡಿರಲಿಲ್ಲ.

"ಅಕ್ಕಾ!" ಎಂದು ಸಣ್ಣೀರ ಆ ಎಮ್ಮೆಯ ಕೊರಳನ್ನು ತಬ್ಬಿಕೊಂಡ. ಒಂದು ಚಣವೂ ಯೋಚಿಸಲಿಲ್ಲ.

ಮಾಟ ಬಿಟ್ಟಿತು. ಕೊಟ್ಟಿಗೆಯ ತುಂಬ ಹೆಂಗಸರು ಸೆರಗು ಸರಿಮಾಡಿಕೊಂಡು ಎದ್ದರು. ಆರು ಜನ ಸರದಾರರು ಬಾಯಿಂದ ಹುಲ್ಲು ತೆಗೆಯುತ್ತ ಎದ್ದರು. ಧೂಮಕೇಶ ಓಡಲು ತಿರುಗಿದ, ಆದರೆ ಅಷ್ಟರಲ್ಲಿ ಅವನಿಗೆ ನಾಲ್ಕು ಕಾಲಾಗಿದ್ದವು. ಕೋಣಕ್ಕೆ ಗಡ್ಡ ಮಾತ್ರ ಹಾಗೇ ಉಳಿದಿತ್ತು.

ತಮ್ಮನ ತೆಕ್ಕೆಯಲ್ಲಿದ್ದ ಸಾಕವ್ವ ಮೊದಲು ಅಂದದ್ದೇನು ಗೊತ್ತೇ?

"ಖಾರ ಸ್ವಲ್ಪ ಜಾಸ್ತಿ ಕಣೋ. ನೀರಿಟ್ಕೊಂಡು ತಿನ್ನು."

ಸಣ್ಣೀರ ಬಾಯಿಗಿಡುವ ಮೊದಲೇ ಅಂಗೈಯಲ್ಲಿದ್ದ ಅರ್ಧ ಕೋಡುಬಳೆ ಮೆಲ್ಲಗೆ ಸರಿದು ಅವನ ತೋಳಿಗೆ ಮರಳಿ ಹಚ್ಚೆಯಾಗಿ ಕೂತಿತು. ಅವನು ಅತ್ತ, ನಕ್ಕ, ಮತ್ತೆ ಅತ್ತ. ಸಾಕವ್ವ "ಮೀಸೆ ಬಂದೋನು ಹೀಗಳ್ತಾನಾ?" ಎಂದು ಗದರಿ, ಮುಖ ತಿರುಗಿಸಿ ತಾನೂ ಕಣ್ಣೊರೆಸಿಕೊಂಡಳು.

ಊರಿಗೆ ಬಂದರು. ರಾಜನ ಅತ್ತೆಯವರು ಅಳಿಯನ ತೋಳು ಹಿಡಿದು, "ಇದೇನಪ್ಪ ಮಸಿ?" ಎಂದು ಒದ್ದೆ ಸೆರಗಿನಿಂದ ತಿಕ್ಕಿದರು. ಸಿಂಹ ಹೊರಟೇ ಹೋಯಿತು! ಪಾಪ, ರಾಣಿ ಅದನ್ನು ದಿನಾ ಬೆಳಗ್ಗೆ ಕಾಡಿಗೆಯಲ್ಲಿ ಬರೆಯುತ್ತಿದ್ದಳು. ರಾಜ ನಾಚಿಕೆಪಟ್ಟು ಹುಣಸೆಮರದ ಕೆಳಗೆ ಹೋಗಿ ಕೂತು, ಬಹಳ ಹೊತ್ತು ಯೋಚಿಸಿ, ದಿಂಬಿನ ಹಚ್ಚೆ ಹಾಕಿಸಿಕೊಂಡ. "ಯಾಕೆ?" ಎಂದಳು ಬೋರಜ್ಜಿ. "ನಿದ್ದೆ ಅಂದರೆ ನನಗೆ ಬಹಳ ಇಷ್ಟ ಅಜ್ಜಿ," ಎಂದ ರಾಜ. ಹಚ್ಚೆ ಗಟ್ಟಿಯಾಗಿ ನಿಂತಿತು. ಮುಂದೆ ಅವನ ತೋಳನ್ನು ಯಾರೂ ಹೊಗಳಲಿಲ್ಲ, ಆದರೆ ಕಂಡವರಿಗೆಲ್ಲ ಅವನ ಮೇಲೆ ಪ್ರೀತಿ ಬರತೊಡಗಿತು.

ಗಡ್ಡದ ಕೋಣ ಸಾಕವ್ವನ ಎಣ್ಣೆಗಾಣ ತಿರುಗಿಸಿಕೊಂಡು ಬಾಳಿತು. ಬೋರಜ್ಜಿಗೆ ಬದುಕಿರುವವರೆಗೂ ಕೋಡುಬಳೆ ತಪ್ಪಲಿಲ್ಲ. ಸಣ್ಣೀರ ಈಗಲೂ ಸಂತೆಯಲ್ಲಿ ಬದನೆಕಾಯಿ ಮುಂದೆ ಒದ್ದಾಡುತ್ತಾನೆ. ಅವನ ತೋಳು ನೋಡಿದವರು ಕೇಳುತ್ತಾರೆ, "ಇದೇನಪ್ಪ, ಅರ್ಧವೇ ಇದೆ? ಇನ್ನರ್ಧ ಎಲ್ಲಿ?"

"ನಮ್ಮಕ್ಕನ ಹೊಟ್ಟೇಲಿ," ಎನ್ನುತ್ತಾನೆ ಸಣ್ಣೀರ. ಹಾಗೆ ಹೇಳುವಾಗ ಅವನ ಮುಖ ನೋಡಬೇಕು ನೀವು. ಅವರೆಲ್ಲ ಅಲ್ಲಿ ಸುಖವಾಗಿದ್ದಾರೆ, ಇದನ್ನು ಕೇಳಿದ ನಾವು ಇಲ್ಲಿ ಸುಖವಾಗಿರೋಣ.